ಒಂದೇ ಶಾಲೆ, ಎರಡು ಮೀಡಿಯಂ: ಮಕ್ಕಳು ಬೆರೆಯುವುದು ಹೇಗೆ?

ಬದಿಯಡ್ಕದ ಅಮ್ಮ:
ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಪಕ್ಕದ ಡಿವಿಷನ್ ಮಲಯಾಳ ಮೀಡಿಯಂ. ಒಂದೇ ಅಂಗಳ, ಒಂದೇ ಬಸ್ಸು. ಆದರೂ ಅವರ ಗುಂಪು ಬೇರೆ, ಇವರ ಗುಂಪು ಬೇರೆ. ಮೊನ್ನೆ ಬಸ್ಸಲ್ಲಿ ಒಬ್ಬ ಹುಡುಗನ ಟೊಪ್ಪಿ ನೋಡಿ ಎಲ್ಲ ಸೇರಿ ನಗಾಡಿದರಂತೆ. ಬೈದೆ. ಬೈದರೆ ಸಾಕಾ? ಈ ವಯಸ್ಸಲ್ಲಿ ಸಹನೆ ಬರುವುದು ಎಲ್ಲಿಂದ?

ಪೆರ್ಲದ ನಿವೃತ್ತ ಮಾಷ್ಟ್ರು:
ತಂಗೀ, ಹತ್ತಿರ ಇದ್ದ ಮಾತ್ರಕ್ಕೆ ಮಕ್ಕಳು ಬೆರೆಯುವುದಿಲ್ಲ. ವೇದಿಕೆ ಸಿಕ್ಕಿದರೆ ನಾವು ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಅನ್ನುತ್ತೇವೆ. ಇಂಟರ್‌ವೆಲ್ ಬೆಲ್ ಹೊಡೆದ ಮೇಲೆ ನೋಡಬೇಕು ಆ ಸಂಗಮ!

ಅಮೆರಿಕದ ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಹೇಳಿದ್ದರು. ಎರಡೂ ಕಡೆಯವರಿಗೆ ಸಮಾನ ಸ್ಥಾನ ಬೇಕು, ಒಟ್ಟಿಗೆ ಮುಗಿಸುವ ಕೆಲಸ ಬೇಕು, ದೊಡ್ಡವರ ಬೆಂಬಲವೂ ಬೇಕು. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಕರಿಯ, ಬಿಳಿಯ ಮಕ್ಕಳು ಒಂದೇ ಕ್ಲಾಸಿಗೆ ಬಂದಾಗ ಜಗಳವೋ ಜಗಳ. ಆಗ ಮನಃಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡಿಸಿದರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗುವುದಿಲ್ಲ!

ನಮ್ಮಲ್ಲಿ ಕಲೋತ್ಸವದ (ಶಾಲಾ ಮಕ್ಕಳ ಕಲಾ ಸ್ಪರ್ಧೆ) ಯಕ್ಷಗಾನ ತಂಡಕ್ಕೆ ಮಲಯಾಳ ಮೀಡಿಯಂ ಹುಡುಗನೊಬ್ಬನನ್ನು ಸೇರಿಸಿದ್ದೆವು. ಕುಣಿತದಲ್ಲಿ ಜೋರು, ಮಾತು ಬಂದರೆ ತಡವರಿಸುತ್ತಿದ್ದ. ಉಳಿದವರೇ ಕೂರಿಸಿ ಬಾಯಿಪಾಠ ಮಾಡಿಸಿದರು. ಪ್ರೀತಿಯಿಂದ ಅಂತ ತಿಳಿಯಬೇಡಿ. ಒಬ್ಬ ತಪ್ಪಿದರೆ ಎಲ್ಲರ ಗ್ರೇಡೂ ಹೋಗುತ್ತದೆ, ಅಲ್ವಾ? ಪ್ರೀತಿ ಆಮೇಲೆ ಬಂತು.

ಉಪ್ಪಳದ ಹುಡುಗಿ:
ಮಾಷ್ಟ್ರೇ, ಸ್ಟಾಫ್ ರೂಮಿನ ಮಾತನ್ನೂ ಸೇರಿಸಿ. "ಆ ಡಿವಿಷನಿನವರು ಹಾಗೇ" ಅಂತ ಟೀಚರೇ ಅಂದರೆ ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಉಪಕಾರ ಆದದ್ದು ಶಾಲೆಯ ಎಸ್‌ಪಿಸಿಯಿಂದ (ಸ್ಟೂಡೆಂಟ್ ಪೊಲೀಸ್ ಕೆಡೆಟ್). ಎಲ್ಲರಿಗೂ ಒಂದೇ ಖಾಕಿ. ಪರೇಡಿನಲ್ಲಿ ಎತ್ತರ ನೋಡಿ ನಿಲ್ಲಿಸುತ್ತಿದ್ದರು, ಮೀಡಿಯಂ ಕೇಳಿದವರಿಲ್ಲ.

ಮಂಜೇಶ್ವರದಿಂದ:
ಅಕ್ಕ, ಟೊಪ್ಪಿಯ ವಿಷಯ ಸುಮ್ನೆ ಬಿಡಬೇಡಿ. ಮಗನೇ ಹೋಗಿ ಆ ಹುಡುಗನ ಹತ್ತಿರ ಮಾತಾಡಲಿ. ನಮ್ಮ ಇಲ್ಲಿಯ ಉದ್ಯಾವರದ ಮಾಡದಲ್ಲಿ (ದೈವಸ್ಥಾನದಲ್ಲಿ) ಅರಸು ದೈವಗಳ ಜಾತ್ರೆಗೆ ಮೊದಲು ಕ್ಷೇತ್ರದವರು ಮಸೀದಿಗೆ ಹೋಗಿ ಆಹ್ವಾನ ಕೊಡುತ್ತಾರೆ, ಗೊತ್ತಲ್ವಾ? ಒಮ್ಮೆ ಮಗನನ್ನು ಕರೆದುಕೊಂಡು ಬನ್ನಿ, ನೋಡಲಿ.

ಬದಿಯಡ್ಕದ ಅಮ್ಮ:
ಖಂಡಿತ ಬರುತ್ತೇವೆ. ಮುಂದಿನ ಪಿಟಿಎ ಮೀಟಿಂಗಿನಲ್ಲಿ ಯಕ್ಷಗಾನ ತರಬೇತಿಗೆ ಎರಡೂ ಡಿವಿಷನಿನವರನ್ನು ಸೇರಿಸಿ ಅಂತ ಕೇಳುತ್ತೇನೆ. ಮಾಷ್ಟ್ರೇ, ಈ ಕಡೆ ಚೆಂಡೆ ಕಲಿಸುವವರು ಯಾರಾದರೂ ಇದ್ದಾರಾ?