‘ಮಡಿದ’: ರಣರಂಗದ ಹೊರಗೆ ಸತ್ತ ವೀರನಿಗೂ ಹೇಳಬಹುದೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಯುದ್ಧದಲ್ಲಿ ‘ಮಡಿದ’ ಅಂತೀವಲ್ಲ, ಅದು. ಯುದ್ಧ ಮುಗಿದ ಮೇಲೆ, ತನ್ನವರ ನಡುವೆ ಕೂತಿರುವಾಗ ಸತ್ತ ವೀರನಿಗೂ ‘ಮಡಿದ’ ಅನ್ನುವುದು ಸರಿಯೇ?

ಪ್ರಶ್ನೆ ಹುಟ್ಟಿದ್ದು ಮುಂಬಯಿಯಲ್ಲಿ, ಬೊರಿವಲಿಯ ನಮ್ಮ ಮನೆಯಲ್ಲಿ. ಕಾರಣ ಒಂದು ಕಂಪ್ಯೂಟರ್ ಆಟ. ಅಕ್ಕನ ಮಗ ‘ಮಾರೋವಿಂಡ್’ ಆಡುತ್ತಾನೆ. 2002ರ ಆಟ, ಅವನಿಗಿಂತ ಹಳೆಯದು. ಅದರ ಕಥೆಯನ್ನು ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಓದಿ ಹೇಳಬೇಕು ಅಂತ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾನೆ. ಕನ್ನಡ ಓದು ಬರಹ ಕಲಿಸಿದ್ದೂ ಅವರೇ. ಕಥಾನಾಯಕನ ಸಾವಿನ ಹತ್ತಿರ ಬಂದು ಹುಡುಗನ ಪೆನ್ನು ನಿಂತಿತು.

ನಾಯಕನ ಹೆಸರು ನೆರೆವಾರ್. ಚೈಮರ್ ಅನ್ನುವ ಜನರ ದೊರೆ. ಡ್ವೆಮರ್ ಅನ್ನುವವರ ರಾಜ ಡುಮಾಕ್ ಇವನಿಗೆ ಮೊದಲು ಗೆಳೆಯ, ಆಮೇಲೆ ಶತ್ರು. ಆ ಲೋಕದ ಲೆಕ್ಕದಲ್ಲಿ ಮೊದಲ ಯುಗದ 700ನೇ ವರ್ಷ, ರೆಡ್ ಮೌಂಟನ್ ಎಂಬ ಜ್ವಾಲಾಮುಖಿಯ ಬಳಿ ದೊಡ್ಡ ಕಾಳಗ. ಬೆಟ್ಟದೊಳಗೆ ಲಾರ್ಖಾನ್ ಎಂಬ ದೇವರ ಹೃದಯ. ಅದರಿಂದ ಶಕ್ತಿ ತೆಗೆಯುವ ಆಯುಧಗಳೂ ಅಲ್ಲೇ. ಡ್ವೆಮರ್ ಜನ ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ನೆರೆವಾರ್ ಗೆಲ್ಲುತ್ತಾನೆ, ಆದರೆ ಉಳಿಯುವುದಿಲ್ಲ.

ಹೇಗೆ ಸತ್ತ? ಇಲ್ಲಿ ಆಟವೇ ಎರಡು ಬಾಯಲ್ಲಿ ಮಾತಾಡುತ್ತದೆ. ದೇಗುಲದವರ ಪ್ರಕಾರ ಯುದ್ಧದ ಗಾಯದಿಂದ. ಬೂದಿನಾಡಿನ ಅಲೆಮಾರಿಗಳ ಪ್ರಕಾರ ಕೊಲೆ. ಅವನು ಅಜುರಾ ದೇವತೆಯನ್ನು ಕರೆಯುವ ಪೂಜೆಗೆ ಅಣಿಯಾದಾಗ ಅವನ ಸಲಹೆಗಾರರು ಮೂವರೂ ಸೇರಿ ಮುಗಿಸಿದರಂತೆ. ಆಲ್ಮಲೆಕ್ಸಿಯಾ ಹಚ್ಚಿದ ಮೇಣದ ಬತ್ತಿಯಲ್ಲಿ ವಿಷ, ಸೋಥಾ ಸಿಲ್ ಕೊಟ್ಟ ನಿಲುವಂಗಿಯಲ್ಲಿ ವಿಷ, ವಿವೆಕ್ ಹೇಳಿದ ಮಂತ್ರದಲ್ಲೂ ವಿಷ. ಆಲ್ಮಲೆಕ್ಸಿಯಾ ಅವನ ಹೆಂಡತಿ ಬೇರೆ! ಮೂವರೂ ಆಮೇಲೆ ದೇವರಾಗಿ ಕೂತರು. ದೇಗುಲ ಅವರದ್ದೇ. ಹಾಗಾಗಿ ‘ಗಾಯದಿಂದ’ ಅನ್ನುವ ಮಾತು ಯಾರಿಗೆ ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ.

ಹುಡುಗ ಮೊದಲು ಬರೆದದ್ದು ‘ನೆರೆವಾರ್ ಬಿದ್ದ’. ಇಂಗ್ಲಿಷಿನ ಮಕ್ಕಿಕಾಮಕ್ಕಿ ಅಂತ ನಾನು ಬೈದೆ. ಬೈದದ್ದು ಪೂರ್ತಿ ಸರಿಯಲ್ಲ. ‘ಭೀಷ್ಮ ಬಿದ್ದ’ ಅಂತ ನಾವೂ ಹೇಳುತ್ತೇವಲ್ಲ. ಆದರೆ ಅಲ್ಲಿ ಬಿದ್ದದ್ದು ಬೇರೆ, ಸತ್ತದ್ದು ಬೇರೆ. ಬಿದ್ದ ಮೇಲೆ ಶರಶಯ್ಯೆಯಲ್ಲಿ ಎಷ್ಟೋ ದಿನ ಇದ್ದು ಪ್ರಾಣ ಬಿಟ್ಟ. ಮನೆಯಲ್ಲಿ ಮರಾಠಿಯೂ ಓಡಾಡುವುದರಿಂದ ಅವನ ಎರಡನೇ ಪ್ರಯತ್ನ ‘ನೆರೆವಾರ್ ವಾರಲಾ’, ಅಂದರೆ ತೀರಿಕೊಂಡ. ಪ್ರಾಸಕ್ಕೆ ತಾನೇ ಬಿದ್ದು ಬಿದ್ದು ನಕ್ಕ. ಮರಾಠಿಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ‘ಧಾರಾತೀರ್ಥೀ ಪಡಣೆ’, ಕತ್ತಿಯ ಅಲುಗೇ ತೀರ್ಥ, ಅಲ್ಲಿ ಬೀಳುವುದು. ನಮ್ಮ ‘ವೀರಮರಣವನ್ನಪ್ಪಿದ’ ಅದರ ಎದುರು ಭಾಷಣದ ಮಾತಿನ ಹಾಗೆ ಕೇಳುತ್ತದೆ.

ಆಮೇಲೆ ನಾನೇ ‘ಮಡಿದ’ ಅಂತ ಬರೆಸಿದೆ. “ಮಡಿ ಅಂದ್ರೆ ಅಜ್ಜಿ ಉಡೋದಲ್ವಾ ಮಾಮ?” ಅಂದ. ಅದೊಂದು ಮಡಿ. ಸಸಿ ಹಾಕುವ ಮಡಿ ಇನ್ನೊಂದು. ಇಮ್ಮಡಿ ಪುಲಿಕೇಶಿಯ ಮಡಿ ಮಗುದೊಂದು. ಬಟ್ಟೆ ಮಡಿಸುವುದಕ್ಕೂ ಯುದ್ಧದಲ್ಲಿ ಮಡಿಯುವುದಕ್ಕೂ ನಂಟಿರಬೇಕು ಅಂತ ನನ್ನ ಅನಿಸಿಕೆ. ತಮಿಳಿನಲ್ಲೂ ‘ಮಡಿ’ ಅಂದರೆ ಮಡಚಿಕೊಳ್ಳು, ಸಾಯು ಎರಡೂ ಹೌದು.

ಓದಿ ಹೇಳಿದಾಗ ಅಮ್ಮ ತಡೆದರು. “ಅವ ಸತ್ತದ್ದು ಎಲ್ಲಿ ಮಗಾ? ಗುಡ್ಡೆಯಲ್ಲಾ, ಮನೆಯಲ್ಲಾ?”

“ಯುದ್ಧ ಮುಗಿದ ಮೇಲೆ, ಅಜ್ಜಿ. ಪೂಜೆ ಮಾಡುವಾಗ.”

“ಪೂಜೆಗೆ ಕೂತಲ್ಲಿ ಸತ್ತವನನ್ನು ಮಡಿದ ಅಂತ ಹೇಳ್ತಾರಾ?”

ಅಲ್ಲಿಂದ ನನಗೂ ಹುಳ ಹೊಕ್ಕಿತು. ಅಭಿಮನ್ಯುವನ್ನು ಮೋಸದಿಂದಲೇ ಕೊಂದದ್ದು. ಆದರೂ ‘ಅಭಿಮನ್ಯು ಮಡಿದ’ ಅಂದರೆ ಕಿವಿಗೆ ಏನೂ ಚುಚ್ಚುವುದಿಲ್ಲ. ಅಂದರೆ ಮೋಸ ಅಡ್ಡಿಯಲ್ಲ. ಈಗ ಉಪಪಾಂಡವರನ್ನು ತೆಗೆದುಕೊಳ್ಳಿ. ರಾತ್ರಿ, ಬಿಡಾರದಲ್ಲಿ ಮಲಗಿದ್ದಾಗ ಅಶ್ವತ್ಥಾಮ ಕೊಂದ. ‘ಉಪಪಾಂಡವರು ಮಡಿದರು’ ಅಂದರೆ ನನಗೆ ಯಾಕೋ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಕೊಂದವನನ್ನು ಬಚ್ಚಿಟ್ಟ ಹಾಗೆ. ‘ಮಡಿದ’ ಅನ್ನುವುದಕ್ಕೆ ಎದುರಿಗೆ ನಿಂತು ಕಾದುವ ಅವಕಾಶವಾದರೂ ಇರಬೇಕೇನೋ.

ಇದಕ್ಕೆ ಉಲ್ಟಾ ಹೊಡೆಯುವ ಬಳಕೆಯೂ ಇದೆ. ಪತ್ರಿಕೆಗಳಲ್ಲಿ ಪ್ರವಾಹಕ್ಕೆ ಸಿಕ್ಕಿ ಮಡಿದವರು, ಸಾಂಕ್ರಾಮಿಕ ರೋಗದಲ್ಲಿ ಮಡಿದವರು ಅಂತ ಬರುತ್ತದೆ. ಅಲ್ಲಿ ರಣವೂ ಇಲ್ಲ, ಕತ್ತಿಯೂ ಇಲ್ಲ. ಆದರೆ ಸಾವು ಒಂದಲ್ಲ, ಹಲವು. ವಯಸ್ಸಾಗಿ ಮನೆಯಲ್ಲಿ ಸತ್ತ ಒಬ್ಬರಿಗೆ ಮಾತ್ರ ಯಾರೂ ‘ಮಡಿದರು’ ಅನ್ನುವುದಿಲ್ಲ.

‘ಹತನಾದ’ ಅಂದರೆ ಕೊಂದವನಿದ್ದಾನೆ ಅಂತ ಒಪ್ಪಿಕೊಂಡ ಹಾಗೆ. ‘ಕೊಲ್ಲಲ್ಪಟ್ಟ’ ನನಗೆ ಬೇಡ. ‘ಹುತಾತ್ಮ’ ಅಂದರೆ ತನ್ನನ್ನೇ ಹೋಮಕ್ಕೆ ಕೊಟ್ಟವನು. ಇಲ್ಲಿ ಫೋರ್ಟಿನ ಹುತಾತ್ಮಾ ಚೌಕದ ಮೇಲೆ ಹೋಗುವಾಗೆಲ್ಲ ಆ ಪದ ಕಣ್ಣಿಗೆ ಬೀಳುತ್ತದೆ. ನೆರೆವಾರ್ ತಾನಾಗಿ ಏನನ್ನೂ ಕೊಟ್ಟವನಲ್ಲ. ‘ಬಲಿಯಾದ’ ಹತ್ತಿರ ಬರುತ್ತದೆ, ಆದರೆ ಯಾವುದಕ್ಕೆ ಅಂತ ಹೇಳಲೇಬೇಕು. ಗಾಯಕ್ಕೋ, ಮೋಸಕ್ಕೋ? ದೇಗುಲದವರು ಇದ್ದಿದ್ದರೆ ಖಂಡಿತ ‘ಮಡಿದ’ ಅಂತಲೇ ಬರೆಸುತ್ತಿದ್ದರು. ಗೌರವವೂ ಆಯಿತು, ಯಾರು ಕೊಂದರು ಅಂತ ಯಾರೂ ಕೇಳುವುದೂ ಇಲ್ಲ.

ನಮ್ಮ ವೀರಗಲ್ಲುಗಳಲ್ಲಿ ಇಷ್ಟೆಲ್ಲ ಮುಚ್ಚುಮರೆ ಇಲ್ಲ. ತುರುಗೋಳಿನಲ್ಲಿ ಕಾದಿ ಸತ್ತ, ಅಷ್ಟೇ. ಆಮೇಲೆ ಬೇಕಾದರೆ ಸುರಲೋಕ. ನಮ್ಮ ಮನೆಗೆ ಹತ್ತಿರದ ಎಕ್ಸರ್‌ನಲ್ಲೂ ವೀರಗಲ್ಲುಗಳಿವೆ, ಹಡಗುಗಳ ಕಾಳಗ ಕೆತ್ತಿದ್ದಾರೆ. ಮರಾಠಿಯವರು ಅದನ್ನು ‘ವೀರಗಳ’ ಅನ್ನುತ್ತಾರೆ. ನಮ್ಮ ಕಲ್ಲೇ ಅಲ್ಲಿ ‘ಗಳ’ ಆಗಿರುವುದು.

ಅಮ್ಮ ಕಾರ್ಕಳದವರು. ಅವರ ಸಲಹೆ ಬೇರೆಯೇ. ದೈವವಾದ ವೀರರ ಬಗ್ಗೆ ತುಳುವಿನಲ್ಲಿ ಹೇಳುವ ಹಾಗೆ ‘ಕಾಯ ಬಿಟ್ಟು ಮಾಯ ಸೇರಿದ’ ಅಂತ ಬರೆಯಲಿ ಅಂತ. ನೆರೆವಾರ್ ಮತ್ತೆ ಹುಟ್ಟಿ ಬರುತ್ತಾನೆ ಅನ್ನುವ ಭವಿಷ್ಯವಾಣಿಯೇ ಆಟದ ತಿರುಳು. ಅದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ವಿಷ ಇಟ್ಟವರು ಇಲ್ಲೂ ತಪ್ಪಿಸಿಕೊಳ್ಳುತ್ತಾರಲ್ಲ!

ನಿಮ್ಮ ಕಡೆಯ ಆಡುಮಾತಿನಲ್ಲಿ, ಬರಹದಲ್ಲಲ್ಲ, ಒಬ್ಬನೇ ಒಬ್ಬ ಮನೆಯೊಳಗೆ ಸತ್ತಾಗ ‘ಮಡಿದ’ ಅಂದದ್ದನ್ನು ಕೇಳಿದ್ದೀರಾ? ಧಾರವಾಡ, ಕಲಬುರಗಿ ಕಡೆಯವರು ತಿಳಿಸಿದರೆ ಉಪಕಾರ.

ಹುಡುಗ ಸದ್ಯಕ್ಕೆ ಆ ಜಾಗದಲ್ಲಿ ಪೆನ್ಸಿಲ್‌ನಿಂದ ‘ತೀರಿಕೊಂಡ’ ಅಂತ ಬರೆದಿಟ್ಟಿದ್ದಾನೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಯಾವ ಆಸ್ಪತ್ರೆಯಲ್ಲಿ?” ಅಂದರು.