ಬಾಣಂತನಕ್ಕೆ ಬರಲಿರುವ ಅಪ್ಪ ಅಮ್ಮನ ಷೆಂಗೆನ್ ವೀಸಾ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ ಕೇಳಿದವರು

ನಾವು ಜರ್ಮನಿಯಲ್ಲಿ ನೆಲೆಸಿ ಆರು ವರ್ಷಗಳಾದವು. ಬರುವ ಜನವರಿಯಲ್ಲಿ ನನಗೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆಂದು ಅಪ್ಪ ಅಮ್ಮ ಇಬ್ಬರನ್ನೂ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಮೇಲೆ, ಸುಮಾರು ಎಂಬತ್ತು ದಿನಗಳ ಮಟ್ಟಿಗೆ ಕರೆಸಿಕೊಳ್ಳಬೇಕೆಂದಿದ್ದೇವೆ. ಅಪ್ಪನಿಗೆ ಅರವತ್ತೆಂಟು ವರ್ಷ, ಪಿಂಚಣಿ ಬರುತ್ತದೆ; ಅಮ್ಮನ ಹೆಸರಿನಲ್ಲಿ ಆದಾಯವಾಗಲಿ ತೆರಿಗೆ ರಿಟರ್ನ್ ಆಗಲಿ ಇಲ್ಲ. ನನ್ನ ಪ್ರಶ್ನೆಗಳು ಎರಡು. ಅವರ ಖರ್ಚನ್ನು ನಾವೇ ಹೊರುತ್ತೇವೆಂದು ಇಲ್ಲಿನ ವಿದೇಶೀಯರ ಕಚೇರಿಯಲ್ಲಿ ಹೊಣೆಪತ್ರ ಮಾಡಿಸಿ ಕಳುಹಿಸಬೇಕೇ, ಅಪ್ಪನ ಉಳಿತಾಯವನ್ನು ತೋರಿಸಿದರೆ ಸಾಕೇ? ಅಮ್ಮನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದೆ, ಅದರಿಂದ ತೊಂದರೆಯಾಗುತ್ತದೆಯೇ?

ಎರಡು ಬಾರಿ ನಿರಾಕರಣೆ ಕಂಡ ಮಗ

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಕಡತವನ್ನು ಮತ್ತೆ ತೆರೆದು ಕುಳಿತೆ. ಕಳೆದ ವರ್ಷ ನನ್ನ ತಂದೆತಾಯಿಗೆ ಎರಡು ಬಾರಿ ಅರ್ಜಿ ಹಾಕಿದೆ, ಎರಡು ಬಾರಿಯೂ ನಿರಾಕರಿಸಿದರು. ತಲಾ 90 ಯೂರೋ ಶುಲ್ಕದಂತೆ ಒಂದು ಬಾರಿಗೆ 180, ಎರಡು ಬಾರಿಗೆ 360 ಯೂರೋ ಹೋಯಿತು. ನಿರಾಕರಿಸಿದರೆ ಈ ಹಣ ಹಿಂದಿರುಗುವುದಿಲ್ಲ. ಅದರ ಮೇಲೆ ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾಶುಲ್ಕ ನಾಲ್ಕು ಸಲ, ಫೋಟೋ ಸರಿಯಿಲ್ಲವೆಂದು ಅಲ್ಲಿಯೇ ತೆಗೆಸಿದ ಹೊಸ ಫೋಟೋಗಳ ಹಣ, ಇಬ್ಬರು ಹಿರಿಯರು ರಾತ್ರಿ ರೈಲಿನಲ್ಲಿ ಹೋಗಿ ಬಂದ ಖರ್ಚು. ಮೊದಲ ಬಾರಿ ಖಚಿತ ಟಿಕೆಟ್ ಇದ್ದರೆ ನಂಬುತ್ತಾರೆಂದು ಟಿಕೆಟನ್ನೇ ಕೊಂಡುಬಿಟ್ಟಿದ್ದೆ. ರದ್ದು ಮಾಡಿಸಿದಾಗ 38,000 ರೂಪಾಯಿ ಕಡಿತವಾಯಿತು.

ನಿರಾಕರಣೆಯ ಪತ್ರವೆಂದರೆ ಮುದ್ರಿತ ಕಾರಣಗಳ ಒಂದು ಪಟ್ಟಿ, ಅದರಲ್ಲಿ ಎರಡು ಚೌಕಗಳಿಗೆ ಗುರುತು. ಪ್ರವಾಸದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಎಂಬುದು ಒಂದು, ವೀಸಾ ಮುಗಿಯುವ ಮೊದಲು ಹಿಂದಿರುಗುವ ಇರಾದೆಯ ಬಗ್ಗೆ ಸಂದೇಹವಿದೆ ಎಂಬುದು ಇನ್ನೊಂದು. ನನ್ನ ತಂದೆ ಮೂವತ್ತಾರು ವರ್ಷ ಸರ್ಕಾರಿ ನೌಕರಿ ಮಾಡಿದವರು, ಸ್ವಂತ ಮನೆ ಇರುವವರು. ಅಂಥವರಿಗೆ ಈ ವಾಕ್ಯವನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪನ ಖಾತೆಯಲ್ಲಿ ಹಣ ಸಾಲದೆಂದು ಅರ್ಜಿಗೆ ಮೂರು ವಾರ ಮೊದಲು ನಾನೇ ನಾಲ್ಕು ಲಕ್ಷ ಹಾಕಿದ್ದೆ. ಆದರೂ ಆಗಲಿಲ್ಲ.

ಒಬ್ಬ ನಿವೃತ್ತ ಅಧ್ಯಾಪಕಿ

ಆದರೂ ಅಲ್ಲ, ಆದ್ದರಿಂದಲೇ ಆಗಲಿಲ್ಲ. ಮೂರು ವಾರ ಮೊದಲು ಒಮ್ಮೆಗೇ ಬಿದ್ದ ನಾಲ್ಕು ಲಕ್ಷವನ್ನು ನೋಡಿದ ಅಧಿಕಾರಿ, ಇದು ಅರ್ಜಿದಾರರ ಹಣವಲ್ಲ, ತೋರಿಸುವುದಕ್ಕೆಂದು ತಂದಿಟ್ಟದ್ದು ಎಂದೇ ಓದುತ್ತಾರೆ. ನಾನು ಯಾವ ಏಜೆಂಟರ ಸಹಾಯವೂ ಇಲ್ಲದೆ, ಅರವತ್ತೆರಡನೆಯ ವಯಸ್ಸಿನಲ್ಲಿ ಸ್ವತಃ ಅರ್ಜಿ ತುಂಬಿ ಮಗಳ ಮನೆಗೆ ಎರಡು ಬಾರಿ ಹೋಗಿ ಬಂದಿದ್ದೇನೆ, ಮೂರನೆಯ ಬಾರಿಗೆ ಎರಡು ವರ್ಷ ಅವಧಿಯ ವೀಸಾ ಸಿಕ್ಕಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗಾಗಿ ಯುರೋಪಿಯನ್ ಆಯೋಗವು 2024ರ ಏಪ್ರಿಲ್ 18ರಂದು ಈ ನಿಯಮವನ್ನು ತಂದಿತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ, ಆಮೇಲೆ ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಐದು ವರ್ಷದ್ದು.

ನನ್ನ ಖಾತೆಯಲ್ಲಿ ಒಟ್ಟು ಇದ್ದದ್ದು ಮೂರು ಲಕ್ಷದ ಆಸುಪಾಸು. ಆದರೆ ಆರು ತಿಂಗಳ ಸ್ಟೇಟ್‌ಮೆಂಟಿನ ಪ್ರತಿ ಪುಟದಲ್ಲಿ, ಇಪ್ಪತ್ತು ಸಾವಿರಕ್ಕಿಂತ ಹೆಚ್ಚಿನ ಪ್ರತಿ ಜಮೆಯ ಎದುರಿಗೆ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಬರೆದೆ; ಬೇರೊಂದು ಹಾಳೆಯಲ್ಲಿ ಆ ಸಂಖ್ಯೆಗಳಿಗೆ ಪಿಂಚಣಿ, ಅವಧಿ ಮುಗಿದ ಠೇವಣಿ, ತಂಗಿ ಹಿಂದಿರುಗಿಸಿದ ಸಾಲ ಎಂದು ಒಂದೊಂದು ಸಾಲಿನ ವಿವರಣೆ ಕೊಟ್ಟು, ದಾಖಲೆಯ ಪ್ರತಿಯನ್ನು ಹಿಂದೆ ಜೋಡಿಸಿದೆ. ಎಷ್ಟು ಹಣವಿದೆ ಎನ್ನುವಷ್ಟೇ ಅದು ಎಲ್ಲಿಂದ ಬಂತು ಎನ್ನುವುದೂ ಮುಖ್ಯ. ಇಷ್ಟು ತಾಳ್ಮೆಯಿಲ್ಲದವರು ರಾಯಭಾರ ಕಚೇರಿಯನ್ನು ದೂರುವುದು ನ್ಯಾಯವಲ್ಲ.

ಎರಡು ಬಾರಿ ನಿರಾಕರಣೆ ಕಂಡ ಮಗ

ತಾಳ್ಮೆಯ ಮಾತನ್ನು ನನಗೆ ಹೇಳಬೇಡಿ ಮೇಡಂ. ಮಗ ತಂದೆಯ ಖಾತೆಗೆ ಹಣ ಹಾಕುವುದು ಅಪರಾಧವೇ? ಎರಡನೆಯ ಬಾರಿ ನನ್ನ ವೇತನಪತ್ರ, ವರ್ಗಾವಣೆಯ ದಾಖಲೆ, ಪ್ರಾಯೋಜಕನೆಂದು ನನ್ನ ಸಹಿಯ ಪತ್ರ, ಎಲ್ಲವನ್ನೂ ಇಟ್ಟಿದ್ದೆ. ಆಗಲೂ ಅದೇ ಎರಡು ಚೌಕಗಳು. ಒಂದು ಸಲ ವೀಸಾ ಸಿಕ್ಕವರು ಅದು ತಮ್ಮ ಪೆನ್ಸಿಲಿನಿಂದಲೇ ಸಿಕ್ಕಿತೆಂದು ನಂಬುತ್ತಾರೆ.

ಏಜೆಂಟರನ್ನು ನಂಬಿ ಕೆಟ್ಟವರು

ನಮ್ಮದು ಇದಕ್ಕಿಂತ ಕಷ್ಟದ ಕಥೆ, ಮೂಲ ಪ್ರಶ್ನೆಗೆ ಹತ್ತಿರವಾದದ್ದೂ ಹೌದು. ನನ್ನ ತಾಯಿ ಹೊರಟದ್ದು ತಂಗಿಯ ಬಾಣಂತನಕ್ಕೇ. ಹೆರಿಗೆ ಎಂದು ಬರೆದರೆ ಅಲ್ಲಿಯೇ ಉಳಿದುಬಿಡುತ್ತಾರೆಂದು ಅನುಮಾನಿಸುತ್ತಾರೆ, ಪ್ರವಾಸ ಎಂದು ಹಾಕೋಣ ಎಂದು ಏಜೆಂಟರು ಹೇಳಿದರು. ನಾವು ಒಪ್ಪಿದೆವು. ಅರವತ್ತೈದು ವರ್ಷದ ಒಂಟಿ ಮಹಿಳೆ ಎಪ್ಪತ್ತು ದಿನ ಐದು ನಗರಗಳ ಹೋಟೆಲುಗಳಲ್ಲಿ ತಂಗುತ್ತಾರೆಂಬ ಪಟ್ಟಿ ತಯಾರಾಯಿತು. ಹೋಟೆಲ್ ಕಾಯ್ದಿರಿಸಿದ ಚೀಟಿಗಳನ್ನು ಅರ್ಜಿ ಕೊಟ್ಟ ಮರುದಿನವೇ ಅವರು ರದ್ದು ಮಾಡಿದ್ದರೆಂಬುದು ನಮಗೆ ಆಮೇಲೆ ಗೊತ್ತಾಯಿತು. ಸಾಲದ್ದಕ್ಕೆ, ತಂಗಿ ಇರುವ ದೇಶದಲ್ಲಿ ಅಪಾಯಿಂಟ್‌ಮೆಂಟ್ ತಡವಾಗುತ್ತದೆಂದು ಪಕ್ಕದ ದೇಶದ ಮೂಲಕ ಅರ್ಜಿ ಹಾಕಿಸಿದ್ದರು. ಏಜೆಂಟರಿಗೆ ಕೊಟ್ಟದ್ದು 15,000, ಶುಲ್ಕ ವಿಮೆ ಎಲ್ಲ ಬೇರೆ. ನಿರಾಕರಣೆ ಬಂದಾಗ ತಂಗಿಗೆ ಎಂಟನೆಯ ತಿಂಗಳು.

ಅದಕ್ಕಿಂತ ಕೆಟ್ಟದ್ದು ಮುಂದೆ ಇತ್ತು. ಹಳೆಯ ನಿರಾಕರಣೆಯ ಪ್ರಸ್ತಾಪ ಬೇಡ, ಹೊಸ ಅರ್ಜಿಯಲ್ಲಿ ಈ ಹಿಂದೆ ಬೆರಳಚ್ಚು ಕೊಟ್ಟಿಲ್ಲವೆಂದೇ ತುಂಬೋಣ ಎಂದರು. ಬೆರಳಚ್ಚು ಷೆಂಗೆನ್ ದೇಶಗಳೆಲ್ಲ ನೋಡಬಹುದಾದ ವೀಸಾ ಮಾಹಿತಿ ವ್ಯವಸ್ಥೆಯಲ್ಲಿರುತ್ತದೆ, ಅದನ್ನು 59 ತಿಂಗಳವರೆಗೆ ಮತ್ತೆ ಬಳಸುತ್ತಾರೆ, ನಿರಾಕರಣೆಯೂ ಅಲ್ಲಿಯೇ ದಾಖಲಾಗಿರುತ್ತದೆ. ಅಲ್ಲಿಗೆ ನಾನು ಕಡತವನ್ನು ಹಿಂದಕ್ಕೆ ಪಡೆದೆ.

ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರು

ಒಬ್ಬರು ಮೋಸ ಮಾಡಿದರೆಂದು ಎಲ್ಲ ಏಜೆಂಟರನ್ನೂ ದೂಷಿಸುವುದು ತಪ್ಪು. ನನಗೆ ರಜೆ ಸಿಗುವುದಿಲ್ಲ, ತಂದೆತಾಯಿಗೆ ಇಂಗ್ಲಿಷ್ ಬರುವುದಿಲ್ಲ. ಒಳ್ಳೆಯ ಏಜೆಂಟರೊಬ್ಬರು ಅವರ ಜೊತೆಗೇ ಹೋಗಿ ಕಾಗದಗಳನ್ನು ಒಪ್ಪಿಸಿ ಬಂದರು, ಹನ್ನೊಂದನೆಯ ದಿನ ವೀಸಾ ಬಂತು. ಬೇಗ ಅಪಾಯಿಂಟ್‌ಮೆಂಟ್ ಸಿಗುವ ದೇಶದ ಮೂಲಕ ಅರ್ಜಿ ಹಾಕುವುದನ್ನಂತೂ ಎಲ್ಲರೂ ಮಾಡುತ್ತಾರೆ, ನಾವೂ ಮಾಡಿದೆವು. ನನ್ನ ಅತ್ತೆಮಾವನ ಅಮೆರಿಕದ ಸಂದರ್ಶನದಲ್ಲಂತೂ ಎರಡು ನಿಮಿಷದಲ್ಲಿ ಮುಗಿಯಿತು, ಒಂದು ಕಾಗದವನ್ನೂ ನೋಡಲಿಲ್ಲ. ನೀವೆಲ್ಲ ಕಾಗದಕ್ಕೆ ಅತಿಯಾದ ಮಹತ್ವ ಕೊಡುತ್ತಿದ್ದೀರಿ.

ಒಬ್ಬ ನಿವೃತ್ತ ಅಧ್ಯಾಪಕಿ

ಸರ್, ಅಮೆರಿಕದ ಅನುಭವವನ್ನು ಇಲ್ಲಿಗೆ ತಂದು ಜನರ ದಾರಿ ತಪ್ಪಿಸಬೇಡಿ. ಅಲ್ಲಿ ಅಧಿಕಾರಿ ಎದುರಿಗೆ ನಿಲ್ಲಿಸಿಕೊಂಡು ಮಾತಿನಲ್ಲೇ ನಿರ್ಧರಿಸುತ್ತಾರೆ. ಷೆಂಗೆನ್ ಅರ್ಜಿಯಲ್ಲಿ ನಿರ್ಧರಿಸುವವರು ಸಾಮಾನ್ಯವಾಗಿ ಅರ್ಜಿದಾರರ ಮುಖವನ್ನೇ ನೋಡಿರುವುದಿಲ್ಲ, ಕೇಂದ್ರದವರು ಕಾಗದವನ್ನು ಮುಂದಕ್ಕೆ ಕಳುಹಿಸುತ್ತಾರೆ ಅಷ್ಟೇ. ಕಾಗದ ಏನು ಹೇಳುತ್ತದೆಯೋ ಅದೇ ನಮ್ಮ ಮಾತು. ಎಲ್ಲರೂ ಮಾಡುತ್ತಾರೆ ಎಂದಿರಲ್ಲ, ನಿಯಮ ಸ್ಪಷ್ಟವಾಗಿದೆ: ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಿಮಗೆ ನಡೆದುಹೋಯಿತು, ಅದನ್ನು ಗರ್ಭಿಣಿ ಹೆಣ್ಣುಮಗಳಿಗೆ ಸಲಹೆಯಾಗಿ ಕೊಡಬಾರದು.

ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರು

ನಾನು ಸಲಹೆ ಕೊಟ್ಟಿಲ್ಲ, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದ್ದೇನೆ. ಪಾಠ ಹೇಳುವ ಅಭ್ಯಾಸವನ್ನು ದಯವಿಟ್ಟು ಶಾಲೆಯಲ್ಲೇ ಬಿಟ್ಟು ಬನ್ನಿ.

ದಿನಗಳ ಲೆಕ್ಕ ತಪ್ಪಿದವರು

ಎಲ್ಲರೂ ವೀಸಾ ಸಿಗುವವರೆಗಿನ ಮಾತನ್ನೇ ಆಡುತ್ತಿದ್ದೀರಿ, ಸಿಕ್ಕ ಮೇಲೆ ಆದ ಅನಾಹುತವನ್ನು ನಾನು ಹೇಳುತ್ತೇನೆ. ನನ್ನ ಅತ್ತೆ ಜುಲೈ 1ರಂದು ಬಂದರು, ಮೂರು ತಿಂಗಳೆಂದರೆ ಸೆಪ್ಟೆಂಬರ್ 30 ಎಂದು ನಾನೇ ಟಿಕೆಟ್ ಮಾಡಿಸಿದೆ. ನಿಯಮ ಹೇಳುವುದು ಮೂರು ತಿಂಗಳಲ್ಲ, ಯಾವುದೇ 180 ದಿನಗಳಲ್ಲಿ 90 ದಿನ. ಬಂದ ದಿನವೂ ಹೋಗುವ ದಿನವೂ ಲೆಕ್ಕಕ್ಕೆ ಸೇರುತ್ತವೆ. ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30 ಎಂದು ಕೂಡಿಸಿದರೆ 92. ವಿಮಾನ ನಿಲ್ದಾಣದ ಗಾಜಿನ ಕಿಟಕಿಯ ಮುಂದೆ ಅಧಿಕಾರಿ ಮುದ್ರೆಯ ಮೇಲೆ ಬೆರಳಿಟ್ಟು ಒಂದೊಂದೇ ತಿಂಗಳು ಎಣಿಸಿದ್ದನ್ನು ಅತ್ತೆ ಇಂದಿಗೂ ಹೇಳುತ್ತಾರೆ. ಆಕೆಗೆ ಭಾಷೆ ಬಾರದು, ಫೋನಿನಲ್ಲಿ ನನ್ನ ಧ್ವನಿಯೂ ನಡುಗುತ್ತಿತ್ತು. ಎರಡೇ ದಿನವೆಂದು ಬಿಟ್ಟರು, ಆದರೆ ಮುಂದಿನ ಅರ್ಜಿಗೆ ಆ ಎರಡು ದಿನಗಳ ಬಗ್ಗೆ ಒಂದು ಪುಟದ ವಿವರಣೆ ಬರೆಯಬೇಕಾಯಿತು. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಯಂತ್ರವೇ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ, ಇನ್ನು ಬೆರಳಿನ ಎಣಿಕೆಯ ದಯೆಯೂ ಇರುವುದಿಲ್ಲ. ವೀಸಾ ಚೀಟಿಯಲ್ಲಿ ಎರಡು ದಿನಾಂಕಗಳ ಜೊತೆಗೆ ಇರಬಹುದಾದ ದಿನಗಳ ಸಂಖ್ಯೆ ಬೇರೆಯಾಗಿ ಇರುತ್ತದೆ. ಆ ಸಂಖ್ಯೆಯನ್ನೇ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಓದುತ್ತಾ ಭಯ ಹೆಚ್ಚಾಯಿತು, ಆದರೂ ಬಾಣಂತನವೆಂದೇ ನೇರವಾಗಿ ಬರೆಯಬೇಕೆಂಬ ತೀರ್ಮಾನಕ್ಕೆ ಬಂದಿದ್ದೇವೆ. ಹೊಣೆಪತ್ರದ ಬಗ್ಗೆ, ಅಮ್ಮನ ಹೆಸರಿನ ಬಗ್ಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಎರಡು ಬಾರಿ ನಿರಾಕರಣೆ ಕಂಡ ಮಗ

ಮೂರನೆಯ ಬಾರಿ ಅರ್ಜಿ ಹಾಕೋಣವೆಂದರೆ ನನ್ನ ತಂದೆ ಒಪ್ಪುತ್ತಿಲ್ಲ. ಮೊಮ್ಮಗನನ್ನು ಫೋನಿನಲ್ಲೇ ನೋಡುತ್ತೇನೆ, ಇನ್ನೊಮ್ಮೆ ಆ ಸಾಲಿನಲ್ಲಿ ನಿಲ್ಲಿಸಬೇಡ ಎಂದರು. ನಿಮ್ಮ ಎರಡು ಪ್ರಶ್ನೆಗಳಿಗೂ ನನ್ನಲ್ಲಿ ಉತ್ತರವಿಲ್ಲ, ಕ್ಷಮಿಸಿ. ಅಧ್ಯಾಪಕಿಯವರೇ, ಆ ಬೇರೆ ಹಾಳೆಯಲ್ಲಿ ಸಂಖ್ಯೆಯ ಜೊತೆಗೆ ದಿನಾಂಕವನ್ನೂ ಬರೆದಿದ್ದಿರಾ?

ಒಬ್ಬ ನಿವೃತ್ತ ಅಧ್ಯಾಪಕಿ

ಸಂಖ್ಯೆ, ದಿನಾಂಕ, ಮೊತ್ತ, ಯಾರಿಂದ, ಯಾಕೆ, ಎಷ್ಟನೆಯ ಪುಟದಲ್ಲಿ ದಾಖಲೆ. ಆರು ಕಾಲಂ. ಹಿಂದಿನ ನಿರಾಕರಣೆಗೆ ಬೇರೆಯೇ ಒಂದು ಪುಟ ಬರೆಯಿರಿ, ಅದನ್ನೇ ಮೇಲೆ ಇಡಿ.

ಇತ್ತೀಚೆಗೆ ಅಪ್ಪ ಅಮ್ಮನನ್ನು ಕರೆಸಿಕೊಂಡ ಮಗಳು

ಅಕ್ಕ, ನಾನೂ ಜರ್ಮನಿಯಲ್ಲೇ ಇದ್ದೇನೆ. ನಾವು ಹೊಣೆಪತ್ರ ಮಾಡಿಸಿದೆವು, ಶುಲ್ಕ 29 ಯೂರೋ. ಕಚೇರಿಯಲ್ಲಿ ವೇತನಪತ್ರಗಳು, ಮನೆಯ ಬಾಡಿಗೆ ಕರಾರು, ಅಪ್ಪ ಅಮ್ಮನ ಪಾಸ್‌ಪೋರ್ಟಿನ ಪ್ರತಿ ಕೇಳಿದರು. ಅಪ್ಪನಿಗೆ ಪಿಂಚಣಿ ಇದ್ದರೂ ಅಮ್ಮನ ಪಾಲಿಗೆ ಈ ಪತ್ರವೇ ಆಧಾರವಾಯಿತು. ಅದನ್ನು ಬರೀ ಆಹ್ವಾನಪತ್ರವೆಂದು ಭಾವಿಸಬೇಡಿ. ಊಟ ವಸತಿಯಷ್ಟೇ ಅಲ್ಲದೆ ಕಾಯಿಲೆ ಬಿದ್ದರೆ ಆ ಖರ್ಚನ್ನೂ ನಿಮ್ಮಿಂದಲೇ ವಸೂಲು ಮಾಡಬಹುದು. ಆದ್ದರಿಂದ ನಿಯಮದ ಕನಿಷ್ಠ 30,000 ಯೂರೋ ವಿಮೆಗೆ ನಿಲ್ಲದೆ, ಹಳೆಯ ಕಾಯಿಲೆ ಉಲ್ಬಣಿಸಿದರೂ ಚಿಕಿತ್ಸೆಯ ಖರ್ಚು ಕೊಡುವ ಪಾಲಿಸಿಯನ್ನು ಹುಡುಕಿ ಕೊಂಡೆವು. ಆ ಕಚೇರಿಯ ಸಮಯ ಸಿಗಲು ನಮಗೆ ಏಳು ವಾರ ಬೇಕಾಯಿತು. ಇಂದೇ ಕೇಳಿ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ತೀರ್ಮಾನಕ್ಕೆ 15 ದಿನವೆಂದರೂ 45 ದಿನಗಳವರೆಗೆ ಹೋಗಬಹುದು. ಮೊದಲೆಲ್ಲ ಜರ್ಮನಿಯವರು ನಿರಾಕರಿಸಿದರೆ ಖರ್ಚಿಲ್ಲದೆ ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಇರುವುದು ಹೊಸ ಅರ್ಜಿ ಅಥವಾ ನ್ಯಾಯಾಲಯ. ಹೆರಿಗೆಯ ದಿನ ಎರಡಕ್ಕೂ ಕಾಯುವುದಿಲ್ಲ.

ಹೆಸರಿನ ಸಂಗತಿ ನಮ್ಮ ಅಮ್ಮನಿಗೂ ಇತ್ತು. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿದೆವು, ಅದರಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ವಿಮೆಯಲ್ಲಿ: ಉಪನಾಮ ಕಡ್ಡಾಯವೆಂದು ಆ ಪುಟ ಕೇಳಿದ್ದರಿಂದ ತಮ್ಮ ಅಲ್ಲಿ ಅಪ್ಪನ ಹೆಸರನ್ನು ಸೇರಿಸಿಬಿಟ್ಟಿದ್ದ. ಕೌಂಟರಿನಲ್ಲಿ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು, ಅಮ್ಮ ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕುಳಿತಳು, ತಮ್ಮ ಪಾಲಿಸಿಯನ್ನು ತಿದ್ದಿಸಿ ಮುದ್ರಿಸಿ ತಂದ. ಹೊಣೆಪತ್ರ, ವಿಮೆ, ಟಿಕೆಟ್ ಮೂರರಲ್ಲೂ ನಿಮ್ಮ ಅಮ್ಮನ ಹೆಸರು ಒಂದೇ ರೀತಿ ಇದೆಯೇ ಎಂದು ಕಳುಹಿಸುವ ಮೊದಲು ಅಕ್ಷರ ಅಕ್ಷರ ಹೋಲಿಸಿ ನೋಡಿ.