ಖಾಲಿ ಬಿದ್ದ ಪಿಆರ್‌ಬಿಗಳನ್ನು ಬೇರೆ ಸ್ಲೈಸ್‌ಗೆ ಕೊಡೋದು ಹೇಗೆ? (ಎಂ.ಟೆಕ್ ಪ್ರಾಜೆಕ್ಟ್)

ನಾಲೆಯಂಚು:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಟೆಕ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ 5ಜಿ ನೆಟ್‌ವರ್ಕ್ ಸ್ಲೈಸಿಂಗ್ ಮೇಲೆ, ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಬಳಕೆಗೆ ಪಾಲು (ಸ್ಲೈಸ್) ಮಾಡಿ ಕೊಡುವುದು. ಪೈಥಾನ್‌ನಲ್ಲಿ ಸಿಮ್ಯುಲೇಶನ್, ಒಂದೇ ಸೆಲ್ (ಒಂದು ಟವರ್‌ನ ವ್ಯಾಪ್ತಿ), ಡೌನ್‌ಲಿಂಕ್ (ಟವರ್‌ನಿಂದ ಫೋನ್‌ಗೆ) ಮಾತ್ರ. 100 ಮೆಗಾಹರ್ಟ್ಸ್, 30 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್, ಅಂದರೆ 273 ಪಿಆರ್‌ಬಿ (ತರಂಗವನ್ನು ಹಂಚುವ ಸಣ್ಣ ತುಂಡು), ಸ್ಲಾಟ್ (ಒಂದು ಸಲ ಹಂಚುವ ಅವಧಿ) ಅರ್ಧ ಮಿಲಿಸೆಕೆಂಡ್. ಇದರಲ್ಲಿ ವಿಡಿಯೊ ನೋಡುವವರಿಗೆ 136, ಕಾರ್ಖಾನೆಯ ರೋಬೋಟ್‌ಗಳ ಯುಆರ್‌ಎಲ್‌ಎಲ್‌ಸಿ (ತಡವಾಗದೆ, ತಪ್ಪದೆ ತಲುಪಬೇಕಾದ) ಸ್ಲೈಸ್‌ಗೆ 109, ಅಂದರೆ 40 ಪ್ರತಿಶತ, ಮೀಟರ್‌ಗಳಿಗೆ 28 ಕೊಟ್ಟಿದ್ದೇನೆ.

ರೋಬೋಟ್‌ನ ಪ್ಯಾಕೆಟ್ ಬರೀ 32 ಬೈಟ್, ಅದೂ ಆಗೊಮ್ಮೆ ಈಗೊಮ್ಮೆ. 109ರಲ್ಲಿ ಬಹುಪಾಲು ಸುಮ್ಮನೆ ಬಿದ್ದಿರುತ್ತವೆ, ಪಕ್ಕದಲ್ಲಿ ವಿಡಿಯೊದವರು ಒದ್ದಾಡುತ್ತಿರುತ್ತಾರೆ. 27ಕ್ಕೆ ಇಳಿಸಿ ನೋಡಿದೆ. ರೋಬೋಟ್‌ಗಳೆಲ್ಲ ಒಟ್ಟಿಗೆ ಎದ್ದ ಕ್ಷಣ 1 ಮಿಲಿಸೆಕೆಂಡ್ ಗಡುವು ತಪ್ಪಿತು. ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ ತಪ್ಪಿನಿಂದ ಕಲಿಯುವ ಏಜೆಂಟ್) ಹಾಕಿ ಅಂತ ಸಲಹೆ ಬಂತು, ಹಾಕಿದೆ. ಸರಾಸರಿ ಚೆನ್ನಾಗಿ ಬಂತು, ಗಡುವು ತಪ್ಪುವುದು ಮಾತ್ರ ನಿಲ್ಲಲಿಲ್ಲ.

ಬರೀ ಸರಾಸರಿ ನೋಡಿ ನನಗೆ ಸಮಾಧಾನ ಆಗುವುದಿಲ್ಲ. ನಮ್ಮ ಗದ್ದೆ ಇರುವುದು ಭದ್ರಾ ನಾಲೆಯ ಕೊನೇ ಭಾಗದಲ್ಲಿ. ನಾಲೆಗೆ ಇಷ್ಟು ನೀರು ಬಿಟ್ಟಿದೆ ಅಂತ ಪೇಪರ್‌ನಲ್ಲಿ ಬಂದ ದಿನವೂ ನಮ್ಮ ತೂಬು ಒಣಗಿದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸೆಲ್‌ನ ಅಂಚಿನಲ್ಲಿ ಕೂತವರಿಗೂ ಸಿಗುವಂತೆ ಹಂಚಬೇಕು. ದಾರಿ ಹೇಳಿ.

ಬಯಲುಸೀಮೆ:
4ಜಿಯಲ್ಲೂ ಕ್ಯುಸಿಐ (ಸೇವೆಯ ದರ್ಜೆಯ ಸಂಖ್ಯೆ) ಕೊಟ್ಟು ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುತ್ತಿದ್ದರಲ್ಲ? ಸ್ಲೈಸ್‌ನಲ್ಲಿ ಹೊಸದೇನಿದೆ?

ಟವರ್‌ಕೆಲಸ:
ಹನ್ನೆರಡು ವರ್ಷದಿಂದ ರೇಡಿಯೊ ಕಡೆ ಕೆಲಸ, ಈಗ ಬೆಂಗಳೂರು. ಬಯಲುಸೀಮೆಯವರೇ, ಕ್ಯುಸಿಐ ಬೇರರ್‌ಗೆ, ಅಂದರೆ ಫೋನ್‌ನ ಒಂದೊಂದು ಡೇಟಾ ಹರಿವಿಗೆ ಅಂಟಿದ್ದು. ಸ್ಲೈಸ್‌ಗೆ ಅದರದೇ ಗುರುತು ಇದೆ: 8 ಬಿಟ್‌ನಲ್ಲಿ ಬಗೆ, ಬೇಕಾದರೆ ಜೊತೆಗೆ 24 ಬಿಟ್‌ನಲ್ಲಿ ಯಾರದು ಅನ್ನುವ ವಿವರ. ಒಂದು ಫೋನ್ ಒಮ್ಮೆಗೆ ಎಂಟು ಸ್ಲೈಸ್‌ವರೆಗೆ ಹಿಡಿಯಬಹುದು. ಕೋರ್‌ನಲ್ಲಿ (ಟವರ್‌ಗಳ ಹಿಂದಿರುವ ಜಾಲದ ಕೇಂದ್ರ) ಪ್ರತಿಯೊಂದಕ್ಕೂ ಬೇರೆ ಬೇರೆ ಫಂಕ್ಷನ್ ನಿಲ್ಲಿಸಬಹುದು. ಆದರೆ ಗಾಳಿಯಲ್ಲಿ ಎಲ್ಲರಿಗೂ ಇರುವುದು ಅದೇ ತರಂಗ. ಜಗಳವೆಲ್ಲ ಅಲ್ಲೇ.

ನಾಲೆಯಂಚು ಅವರೇ, ನಿಮ್ಮ ಕೋಡ್‌ನಲ್ಲಿ ಗೋಡೆಗಳಿವೆ. ಮೊಬೈಲ್ ಜಾಲದ ಮಾನದಂಡ ಬರೆಯುವ 3ಜಿಪಿಪಿಯ 28.541 ದಾಖಲೆಯಲ್ಲಿ ಒಂದು ಸ್ಲೈಸ್‌ಗೆ ಮೂರು ಶೇಕಡಾವಾರು ಇವೆ, ನೋಡಿ. ಮೀಸಲು ಅಂದರೆ ಖಾಲಿ ಇದ್ದರೂ ಬೇರೆಯವರು ಮುಟ್ಟುವಂತಿಲ್ಲ. ಕನಿಷ್ಠ ಅಂದರೆ ಬೇಕಾದಾಗ ಇಷ್ಟು ಸಿಕ್ಕೇ ಸಿಗುತ್ತದೆ, ಬೇಡದಾಗ ಪಕ್ಕದವರು ಬಳಸಿಕೊಳ್ಳಲಿ. ಗರಿಷ್ಠ ಅಂದರೆ ಅದರಾಚೆ ಕೇಳುವ ಹಾಗಿಲ್ಲ. ನೀವು 40 ಪ್ರತಿಶತವನ್ನೂ ಮೀಸಲಿಗೇ ಹಾಕಿಬಿಟ್ಟಿದ್ದೀರಿ. ಮೀಸಲು 5, ಕನಿಷ್ಠ 40, ಗರಿಷ್ಠ 60 ಇಟ್ಟು ಓಡಿಸಿ.

ಸಾಲ ಕೊಟ್ಟದ್ದು ಸಮಯಕ್ಕೆ ವಾಪಸ್ ಬರುತ್ತದಾ ಅಂತ ಕೇಳುತ್ತೀರಿ, ಕೇಳಬೇಕಾದದ್ದೇ. ವಿಡಿಯೊಗೆ ಸ್ಲಾಟ್ ಕೊಟ್ಟಾದ ಮೇಲೆ ರೋಬೋಟ್ ಪ್ಯಾಕೆಟ್ ಬಂದರೆ ಬೇಸ್ ಸ್ಟೇಶನ್ ಆ ಸ್ಲಾಟ್‌ನ ನಡುವಿನ ಎರಡು ಸಿಂಬಲ್ (ಸ್ಲಾಟ್‌ನ ಸಣ್ಣ ತುಂಡು) ಕಿತ್ತು ರೋಬೋಟ್‌ಗೆ ಕೊಡಬಹುದು. ಆಮೇಲೆ ಡಿಸಿಐ 2_1 ಅನ್ನುವ ಸಂದೇಶದಲ್ಲಿ ವಿಡಿಯೊ ಫೋನ್‌ಗೆ 'ಆ ತುಂಡು ನಿನ್ನದಲ್ಲ, ಎಸೆದುಬಿಡು' ಅಂತ ತಿಳಿಸುತ್ತದೆ. ಹೋದ ಭಾಗ ಮತ್ತೆ ಕಳಿಸುತ್ತಾರೆ. ವಿಡಿಯೊ ಸ್ವಲ್ಪ ತಡ ತಡೆದುಕೊಳ್ಳುತ್ತದೆ, ರೋಬೋಟ್ ತಡೆದುಕೊಳ್ಳುವುದಿಲ್ಲ.

ಲರ್ನಿಂಗ್ ಏಜೆಂಟ್‌ನ ಕೈಗೆ ಪ್ರತಿ ಸ್ಲಾಟ್ ಕೊಡಬೇಡಿ. ಅದು ಆ ಮೂರು ಶೇಕಡಾವಾರುಗಳನ್ನಷ್ಟೇ ನಿಧಾನವಾಗಿ ತಿರುಗಿಸಲಿ. ಓ-ರಾನ್‌ನಲ್ಲಿ (ಮುಕ್ತ ರೇಡಿಯೊ ಜಾಲದ ವಿನ್ಯಾಸ) ಈ ಕೆಲಸಕ್ಕೆ 10 ಮಿಲಿಸೆಕೆಂಡ್‌ನಿಂದ 1 ಸೆಕೆಂಡ್‌ವರೆಗಿನ ನಿಯಂತ್ರಕ ಬೇರೆಯೇ ಇದೆ. ಗಡುವು ಕಾಯುವ ಕೆಲಸ ಪ್ರತಿ ಸ್ಲಾಟ್ ಹಂಚುವ ಶೆಡ್ಯೂಲರ್‌ನ ಸರಳ ನಿಯಮಕ್ಕಿರಲಿ. ಏಜೆಂಟ್ ಕಲಿಯುವಾಗ ತಪ್ಪುತ್ತದೆ, ಆ ತಪ್ಪಿನ ಬೆಲೆಯನ್ನು ರೋಬೋಟ್ ಕಟ್ಟಬಾರದು.

ಮುಂದೆ ಅಪ್‌ಲಿಂಕ್ (ಫೋನ್‌ನಿಂದ ಟವರ್‌ಗೆ) ಸೇರಿಸುವುದಾದರೆ ಈಗಲೇ ಹೇಳುತ್ತೇನೆ. ಮೂರು ಡೌನ್, ಒಂದು ವಿಶೇಷ, ಒಂದು ಅಪ್ ಅನ್ನುವ ಟಿಡಿಡಿ (ಒಂದೇ ತರಂಗದಲ್ಲಿ ಸರದಿಯಂತೆ ಕೆಳಕ್ಕೂ ಮೇಲಕ್ಕೂ ಕಳಿಸುವ) ವಿನ್ಯಾಸದಲ್ಲಿ ಪೂರ್ಣ ಅಪ್ ಸ್ಲಾಟ್ ಬರುವುದೇ 2.5 ಮಿಲಿಸೆಕೆಂಡ್‌ಗೊಮ್ಮೆ. ಅಲ್ಲಿ ಎಷ್ಟು ಪಿಆರ್‌ಬಿ ಸುರಿದರೂ ಎಲ್ಲ ಪ್ಯಾಕೆಟ್‌ಗೂ 1 ಮಿಲಿಸೆಕೆಂಡ್ ಸಿಗಲ್ಲ.

ಥೇಮ್ಸ್‌ಕನ್ನಡಿಗ:
ಸೇರಿಸುವುದಾದರೆ ಜನಜಂಗುಳಿಯ ಸನ್ನಿವೇಶ ಒಂದನ್ನು ಖಂಡಿತ ಇಡಿ. 2023ರ ಮೇ ತಿಂಗಳಲ್ಲಿ ಇಲ್ಲಿ ರಾಜ ಚಾರ್ಲ್ಸ್ ಪಟ್ಟಾಭಿಷೇಕ ಆದಾಗ ವೊಡಾಫೋನ್‌ನವರು ಐಟಿಎನ್ ಸುದ್ದಿವಾಹಿನಿಯ ಕ್ಯಾಮೆರಾಗಳಿಗಾಗಿ 5ಜಿ ಸ್ಟ್ಯಾಂಡ್‌ಅಲೋನ್ (4ಜಿಯ ಆಸರೆ ಇಲ್ಲದ) ಜಾಲದಲ್ಲಿ ಪ್ರತ್ಯೇಕ ಸ್ಲೈಸ್ ಬಿಟ್ಟಿದ್ದರು. ಬೀದಿ ತುಂಬ ಫೋನ್ ಹಿಡಿದ ಜನ ಇರುವಾಗ ನೇರಪ್ರಸಾರದ ವಿಡಿಯೊ ಮೇಲಕ್ಕೆ ಹೋಗಬೇಕಿತ್ತು. ಸ್ಲೈಸ್‌ನ ನಿಜವಾದ ಪರೀಕ್ಷೆ ಅಂಥ ಹೊತ್ತಿನಲ್ಲೇ.

ನಾಲೆಯಂಚು:
ಟವರ್‌ಕೆಲಸ ಸರ್, ತುಂಬಾ ಉಪಕಾರ ಆಯಿತು. ಮೂರು ಶೇಕಡಾವಾರು ಹಾಕಿದ ಮೇಲೆ ಖಾಲಿ ಪಿಆರ್‌ಬಿಗಳು ವಿಡಿಯೊಗೆ ಹೋಗುತ್ತಿವೆ, ಹೆಚ್ಚಿನ ರೋಬೋಟ್‌ಗಳ ಗಡುವೂ ಉಳಿಯುತ್ತಿದೆ. ಆದರೆ ಅಂಚಿನ ರೋಬೋಟ್‌ಗಳು ಇನ್ನೂ ಸೋಲುತ್ತಿವೆ. 40 ಪ್ರತಿಶತ ಕನಿಷ್ಠ ಕೊಟ್ಟರೂ ಯಾಕೆ?

ಟವರ್‌ಕೆಲಸ:
ಪಿಆರ್‌ಬಿ ಅಂದರೆ ಬಿಟ್ ಅಲ್ಲ. ಒಂದು ಪಿಆರ್‌ಬಿಯಲ್ಲಿ ಒಂದು ಸ್ಲಾಟ್‌ಗೆ 168 ಎಲಿಮೆಂಟ್ (ಬಿಟ್ ಹೊರುವ ಅತಿ ಸಣ್ಣ ಚೌಕ), ಬಳಕೆಗೆ 140 ಅಂತ ಇಟ್ಟುಕೊಳ್ಳಿ. ಟವರ್ ಬುಡದಲ್ಲಿ ಸಿಕ್ಯುಐ (ಸಿಗ್ನಲ್ ಗುಣಮಟ್ಟದ ಅಂಕ) 15, ಎಲಿಮೆಂಟ್‌ಗೆ ಸುಮಾರು 5.55 ಬಿಟ್, 32 ಬೈಟ್ ಒಂದೇ ಪಿಆರ್‌ಬಿಯಲ್ಲಿ ಹೋಯಿತು. ಅಂಚಿನಲ್ಲಿ ಸಿಕ್ಯುಐ 1, ಬರೀ 0.15 ಬಿಟ್, ಅದೇ 32 ಬೈಟ್‌ಗೆ ಹದಿಮೂರು ಬೇಕು. 99.999 ಪ್ರತಿಶತ ತಲುಪಬೇಕು ಅಂದರೆ ಇನ್ನೂ ಜಾಸ್ತಿ. ಕರಾರನ್ನು ಪಿಆರ್‌ಬಿ ಲೆಕ್ಕದಲ್ಲಿ ಬರೆಯಬೇಡಿ, ಗಡುವಿನೊಳಗೆ ತಲುಪಿದ ಪ್ಯಾಕೆಟ್ ಲೆಕ್ಕದಲ್ಲಿ ಬರೆಯಿರಿ, ಪ್ರತಿ ಬಳಕೆದಾರರಿಗೂ ಬೇರೆ ಬೇರೆ. ಹೊಸ ರೋಬೋಟ್ ಸೇರಿಸಿಕೊಳ್ಳುವ ಮೊದಲು ಅದು ಎಲ್ಲಿ ನಿಂತಿದೆ ಅಂತ ನೋಡಿ, ಸಾಲದಿದ್ದರೆ ಸೇರಿಸಿಕೊಳ್ಳಬೇಡಿ.

ನಾಲೆಯಂಚು:
ಹದಿಮೂರು! ನಾನು ಪಿಆರ್‌ಬಿ ಹಂಚುವ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಸಿಕ್ಯುಐ ಅಂತ ಬರೆದಿದ್ದೆ. ಕೋಡ್ ತಿದ್ದಿದ್ದೇನೆ, ರಾತ್ರಿಯಿಡೀ ಓಡಲು ಬಿಟ್ಟಿದ್ದೇನೆ. ಸರಾಸರಿಯ ಗ್ರಾಫ್ ಪಕ್ಕದಲ್ಲೇ ಅತಿ ಕಡಿಮೆ ಸಿಕ್ಕವರದ್ದನ್ನೂ ಹಾಕುತ್ತೇನೆ. ಬೆಳಿಗ್ಗೆ ಇಲ್ಲೇ ಹಂಚಿಕೊಳ್ಳುತ್ತೇನೆ ಸರ್.